ಮಧ್ಯಯುಗದ ಮನುಷ್ಯ ಮತ್ತು ಕಾದಂಬರಿಯ ಕನ್ನಡಿ

ಪತ್ರಿಕೆಗಳಲ್ಲಿ, ವೇದಿಕೆಯ ಭಾಷಣಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಬೈಗುಳವಿದೆ. ಎಲ್ಲಿಯಾದರೂ ಕ್ರೌರ್ಯ ನಡೆದರೆ, ಹೆಣ್ಣಿನ ಮೇಲೆ ದಬ್ಬಾಳಿಕೆಯಾದರೆ, ಧರ್ಮದ ಹೆಸರಿನಲ್ಲಿ ಹಿಂಸೆಯಾದರೆ ಅದನ್ನು 'ಮಧ್ಯಯುಗದ ವರ್ತನೆ' ಎಂದು ಕರೆದು ನಾವು ಕೈ ತೊಳೆದುಕೊಳ್ಳುತ್ತೇವೆ. 20ನೇ ಶತಮಾನವು ಎರಡು ಮಹಾಯುದ್ಧಗಳನ್ನೂ ಅಣುಬಾಂಬನ್ನೂ ಯೆಹೂದ್ಯರ ಸಾಮೂಹಿಕ ಹತ್ಯೆಯನ್ನೂ ಕಂಡ ಮೇಲೆಯೂ ಕ್ರೌರ್ಯದ ಮಾದರಿಯಾಗಿ ನಮ್ಮ ನಾಲಗೆಗೆ ಮೊದಲು ಬರುವುದು ಮಧ್ಯಯುಗವೇ. ಹಾಗೆ ಮಾತನಾಡುವವರಲ್ಲಿ ಆ ಕಾಲದ ಚರಿತ್ರೆಯನ್ನು ಓದಿದವರು ಬಹಳ ಮಂದಿಯಿಲ್ಲ. ಕ್ರಿ.ಶ. 500ರಿಂದ 1500ರವರೆಗಿನ ಸುಮಾರು ಸಾವಿರ ವರ್ಷಗಳ ಯುರೋಪಿನ ಬಾಳನ್ನು ಕುರಿತು ನಮಗಿರುವ ಕಲ್ಪನೆ ಹೆಚ್ಚಾಗಿ ಬಂದಿರುವುದು ಕಾದಂಬರಿಗಳಿಂದ, ಅವುಗಳನ್ನು ಆಧರಿಸಿದ ಚಲನಚಿತ್ರಗಳಿಂದ.

ಕ್ರೈಸ್ತ ಕುಟುಂಬಗಳಿಗೆ ಇದು ದೂರದ ವಿಷಯವಲ್ಲ. ನಮ್ಮ ಮನೆಗಳ ಯುವಕ ಯುವತಿಯರು ಕಾಲೇಜಿನಲ್ಲಿ ಇಂಗ್ಲಿಷ್ ಕಾದಂಬರಿಗಳನ್ನು ಓದುತ್ತಾರೆ, ಚಿತ್ರಗಳನ್ನು ನೋಡುತ್ತಾರೆ. ಅವುಗಳಲ್ಲಿ ಮಠಾಧಿಪತಿ ಎಂದರೆ ಲೋಭಿ, ಧರ್ಮಾಧ್ಯಕ್ಷ ಎಂದರೆ ಕುತಂತ್ರಿ, ಭಕ್ತ ಎಂದರೆ ಮೂಢ. ಇದನ್ನು ಕಂಡ ಮಕ್ಕಳು ಮನೆಗೆ ಬಂದು, "ನಮ್ಮ ಧರ್ಮಸಭೆ ನಿಜವಾಗಿಯೂ ಹೀಗಿತ್ತೇ?" ಎಂದು ಕೇಳಿದರೆ ತಂದೆತಾಯಂದಿರು ಏನು ಹೇಳಬೇಕು? "ಅವೆಲ್ಲ ಸುಳ್ಳು, ಓದಬೇಡ" ಎನ್ನುವುದು ಉತ್ತರವಲ್ಲ. "ಹೌದು, ಹಾಗೆಯೇ ಇತ್ತು" ಎಂದು ತಲೆ ತಗ್ಗಿಸುವುದೂ ಉತ್ತರವಲ್ಲ. ಕಾದಂಬರಿಯನ್ನು ಕಾದಂಬರಿಯಾಗಿ ಓದಿ, ಅದು ಎಲ್ಲಿ ಸತ್ಯವನ್ನು ಹೇಳಿದೆ, ಎಲ್ಲಿ ತಪ್ಪಿದೆ ಎಂದು ವಿವೇಚಿಸುವುದೊಂದೇ ದಾರಿ. ಅಂತಹ ಒಂದು ಪ್ರಯತ್ನವಾಗಿ ಮೂರು ಪ್ರಸಿದ್ಧ ಕೃತಿಗಳನ್ನು ಇಲ್ಲಿ ಪರಿಶೀಲಿಸಬಹುದು.

ಎರಡು ಸುಲಭದ ದಾರಿಗಳು

ಮಧ್ಯಯುಗವನ್ನು ಚಿತ್ರಿಸಹೊರಟ ಲೇಖಕನ ಮುಂದೆ ಎರಡು ಸುಲಭದ ದಾರಿಗಳಿರುತ್ತವೆ. ಒಂದು ಕಪ್ಪು ಬಣ್ಣದ್ದು. 14ನೇ ಶತಮಾನದ ಇಟಲಿಯ ಕವಿ ಪೆಟ್ರಾರ್ಕ್ ತನಗಿಂತ ಹಿಂದಿನ ಶತಮಾನಗಳನ್ನು ಕತ್ತಲೆಯ ಕಾಲವೆಂದು ಬಗೆದಂದಿನಿಂದ ಆ ಬಣ್ಣ ದಟ್ಟವಾಗುತ್ತಲೇ ಬಂದಿತು. ಮಧ್ಯಯುಗದವರು ಭೂಮಿ ಚಪ್ಪಟೆಯೆಂದು ನಂಬಿದ್ದರು ಎಂಬ ಮಾತನ್ನು ಇಂದಿಗೂ ಹೇಳುವವರಿದ್ದಾರೆ. 1828ರಲ್ಲಿ ಅಮೆರಿಕದ ವಾಷಿಂಗ್ಟನ್ ಇರ್ವಿಂಗ್ ಬರೆದ ಕೊಲಂಬಸನ ಜೀವನಚರಿತ್ರೆಯು ಈ ಕಥೆಯನ್ನು ಮನೆಮನೆಗೆ ತಲುಪಿಸಿತು. ವಾಸ್ತವದಲ್ಲಿ 13ನೇ ಶತಮಾನದ ವಿಶ್ವವಿದ್ಯಾಲಯಗಳಲ್ಲಿ ಸಾಕ್ರೊಬೋಸ್ಕೋ ಎಂಬ ವಿದ್ವಾಂಸನ ಪಠ್ಯವು ಭೂಮಿ ಗೋಳಾಕಾರದ್ದೆಂದೇ ಬೋಧಿಸುತ್ತಿತ್ತು. ಹಾಗೆಯೇ ಮಾಟಗಾತಿಯರೆಂದು ಹೆಂಗಸರನ್ನು ಸುಟ್ಟದ್ದು ಮಧ್ಯಯುಗದ ಕೆಲಸವೆಂದು ನಾವು ತಿಳಿಯುತ್ತೇವೆ. ಆ ಬೇಟೆ ಉಗ್ರವಾಗಿ ನಡೆದದ್ದು 1560ರಿಂದ 1650ರ ನಡುವೆ, ಅಂದರೆ ಮುದ್ರಣಯಂತ್ರವೂ ಹೊಸ ವಿಜ್ಞಾನವೂ ಹುಟ್ಟಿದ ಆಧುನಿಕ ಕಾಲದ ಆರಂಭದಲ್ಲಿ. ಕಥೋಲಿಕರ ನಾಡುಗಳಲ್ಲಿಯೂ ಪ್ರಾಟೆಸ್ಟಂಟರ ನಾಡುಗಳಲ್ಲಿಯೂ ಅದು ನಡೆಯಿತು.

ಇನ್ನೊಂದು ದಾರಿ ಚಿನ್ನದ ಬಣ್ಣದ್ದು. ಅಲ್ಲಿ ಪ್ರತಿಯೊಬ್ಬ ಯೋಧನೂ ಧೀರ, ಪ್ರತಿಯೊಬ್ಬ ಕನ್ಯೆಯೂ ಶೀಲವತಿ, ಪ್ರತಿಯೊಂದು ಹಳ್ಳಿಯೂ ದೇವಾಲಯದ ಗಂಟೆಯ ನಾದಕ್ಕೆ ಮೊಣಕಾಲೂರುವ ಪುಣ್ಯಭೂಮಿ. ನಮ್ಮ ಕೆಲವು ಭಕ್ತಿಪುಸ್ತಕಗಳೂ ಈ ಬಣ್ಣವನ್ನು ಧಾರಾಳವಾಗಿ ಬಳಸಿವೆ. ಓದುವಾಗ ಮನಸ್ಸಿಗೆ ಹಿತವಾಗುತ್ತದೆ, ಆದರೆ ಆ ಜನರು ನಮ್ಮಂತೆ ಶೋಧನೆಗೆ ಒಳಗಾದವರು, ಬಿದ್ದವರು, ಎದ್ದವರು ಎಂಬ ಅರಿವೇ ಉಂಟಾಗುವುದಿಲ್ಲ.

ಈ ಎರಡು ಬಣ್ಣಗಳನ್ನೂ ಒಂದೇ ಕೃತಿಯಲ್ಲಿ ಬೆರೆಸಿದವನು ಸ್ಕಾಟ್ಲೆಂಡಿನ ವಾಲ್ಟರ್ ಸ್ಕಾಟ್. 1819ರ ಕೊನೆಯಲ್ಲಿ ಹೊರಬಂದ ಅವನ 'ಐವಾನ್‌ಹೋ' ಕಾದಂಬರಿ 12ನೇ ಶತಮಾನದ ಅಂತ್ಯದ ಇಂಗ್ಲೆಂಡನ್ನು ಚಿತ್ರಿಸುತ್ತದೆ. ಸಿಂಹಹೃದಯಿ ರಿಚರ್ಡ್, ರಾಬಿನ್ ಹುಡ್, ಕುದುರೆಯ ಮೇಲಿನ ಕಾಳಗ, ಕೋಟೆಯ ಮುತ್ತಿಗೆ, ಇವೆಲ್ಲ ಇರುವ ಆ ಕಥೆ ತಲೆಮಾರುಗಳ ಓದುಗರನ್ನು ಮೋಹಗೊಳಿಸಿತು. ಶೌರ್ಯದ ಯುಗವೆಂಬ ಕನಸು ಅಲ್ಲಿಂದ ಹರಡಿತು. ಅದರಲ್ಲಿ ಬರುವ ಮಠದ ಮುಖ್ಯಸ್ಥನೋ ಸೊಗಸುಗಾರ, ಟೆಂಪ್ಲರ್ ಯೋಧನೋ ಕಾಮಾಂಧ. ನಾರ್ಮನ್ನರ ವಿಜಯವಾಗಿ ನೂರು ವರ್ಷ ಕಳೆದ ಮೇಲೆಯೂ ಎರಡು ಜನಾಂಗಗಳು ಹಲ್ಲು ಕಡಿಯುತ್ತಿದ್ದವೆಂದು ಸ್ಕಾಟ್ ಚಿತ್ರಿಸಿದ್ದು ಅತಿಯಾಯಿತೆಂದು ಚರಿತ್ರಕಾರರು ಹೇಳುತ್ತಾರೆ.

ಆದರೂ ಆ ಕಾದಂಬರಿಯ ಹೃದಯ ಐವಾನ್‌ಹೋ ಅಲ್ಲ, ಯೆಹೂದ್ಯ ಹೆಣ್ಣುಮಗಳು ರೆಬೆಕಾ. ಗಾಯಗೊಂಡವರಿಗೆ ಔಷಧ ಕೊಟ್ಟು ಬದುಕಿಸುವ ಈಕೆಯ ಮೇಲೆಯೇ ಮಾಟದ ಆರೋಪ ಬರುತ್ತದೆ. ಕ್ರೈಸ್ತ ಶಿಲುಬೆಯನ್ನು ಎದೆಯ ಮೇಲೆ ಧರಿಸಿದವರು ಅವಳನ್ನು ಸುಡಲು ಸಿದ್ಧರಾಗುತ್ತಾರೆ. ಅವಳೋ ತನ್ನ ವಿಶ್ವಾಸವನ್ನೂ ಮಾನವನ್ನೂ ಬಿಟ್ಟುಕೊಡುವುದಿಲ್ಲ. ಅವಳ ತಂದೆ ಐಸಾಕ್ ಯಾರ್ಕ್ ಪಟ್ಟಣದವನು. ಕಾದಂಬರಿಯ ಕಥೆ ನಡೆಯುವುದಕ್ಕೆ ಕೆಲವೇ ವರ್ಷಗಳ ಹಿಂದೆ, 1190ರ ಮಾರ್ಚ್ ತಿಂಗಳಿನಲ್ಲಿ, ಅದೇ ಯಾರ್ಕಿನ ಕೋಟೆಯಲ್ಲಿ ಆಶ್ರಯ ಪಡೆದಿದ್ದ ಸುಮಾರು 150 ಯೆಹೂದ್ಯರು ಜನಜಂಗುಳಿಯ ಕೋಪಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ನೂರು ವರ್ಷಗಳ ಬಳಿಕ, 1290ರಲ್ಲಿ, ಇಂಗ್ಲೆಂಡಿನ ಅರಸನು ಯೆಹೂದ್ಯರನ್ನೆಲ್ಲ ದೇಶದಿಂದ ಹೊರಗಟ್ಟಿದನು. ಕಾದಂಬರಿಯ ಕೊನೆಯಲ್ಲಿ ರೆಬೆಕಾ ಇಂಗ್ಲೆಂಡನ್ನು ತೊರೆದು ಸ್ಪೇನಿಗೆ ಹೊರಡುತ್ತಾಳೆ. ಕ್ರೈಸ್ತ ನಾಯಕ ನಾಯಕಿಯರ ಮದುವೆಯ ಸಡಗರದ ಪಕ್ಕದಲ್ಲಿ ಅವಳ ಆ ನಿರ್ಗಮನವನ್ನು ಇರಿಸಿದ್ದು ಸ್ಕಾಟನ ದೊಡ್ಡತನ. ಅಲಂಕಾರದ ಕಥೆಯಲ್ಲಿಯೂ ಅವನು ಕ್ರೈಸ್ತ ಓದುಗನ ಮನಸ್ಸಾಕ್ಷಿಗೆ ಒಂದು ಮುಳ್ಳನ್ನು ಚುಚ್ಚಿದ್ದಾನೆ. ಯೆಹೂದ್ಯ ದ್ವೇಷವನ್ನು ಸ್ಪಷ್ಟವಾಗಿ ಖಂಡಿಸಿದ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಘೋಷಣೆ ಬಂದದ್ದು 1965ರಲ್ಲಿ ಎಂಬುದನ್ನು ನೆನೆದರೆ ಆ ಮುಳ್ಳಿನ ಬೆಲೆ ತಿಳಿಯುತ್ತದೆ.

ನಗೆಗೆ ಹೆದರಿದ ಮಠ

ನಮ್ಮ ಕಾಲದಲ್ಲಿ ಮಧ್ಯಯುಗದ ಬಗ್ಗೆ ಅತ್ಯಂತ ಹೆಚ್ಚು ಓದಿಸಿಕೊಂಡ ಕೃತಿಗಳಲ್ಲಿ ಒಂದು ಇಟಲಿಯ ಉಂಬರ್ಟೋ ಎಕೋ ಬರೆದ 'ದಿ ನೇಮ್ ಆಫ್ ದಿ ರೋಸ್'. ಮೂಲ ಇಟಾಲಿಯನ್ ಭಾಷೆಯಲ್ಲಿ 1980ರಲ್ಲಿಯೂ ಇಂಗ್ಲಿಷಿನಲ್ಲಿ 1983ರಲ್ಲಿಯೂ ಪ್ರಕಟವಾಯಿತು. 1327ರ ನವೆಂಬರ್ ತಿಂಗಳು. ಉತ್ತರ ಇಟಲಿಯ ಬೆಟ್ಟದ ಮೇಲೊಂದು ಬೆನೆಡಿಕ್ಟಿನ್ ಮಠ. ಏಳು ದಿನಗಳಲ್ಲಿ ಒಂದಾದ ಮೇಲೊಂದು ಸಾವು. ಇದರ ಗುಟ್ಟನ್ನು ಬಿಡಿಸಲು ಬಂದವನು ವಿಲಿಯಂ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ, ಅವನೊಡನೆ ಆಡ್ಸೋ ಎಂಬ ಎಳೆಯ ನವಶಿಷ್ಯ. ಗುಟ್ಟು ಇರುವುದು ಮಠದ ಗ್ರಂಥಾಲಯದಲ್ಲಿ. ಹಾಸ್ಯವನ್ನು ಕುರಿತು ಅರಿಸ್ಟಾಟಲ್ ಬರೆದಿದ್ದನೆನ್ನಲಾದ, ನಮಗೆ ಉಳಿದುಬಾರದ ಗ್ರಂಥವೊಂದರ ಪ್ರತಿ ಅಲ್ಲಿದೆ. ಜನರು ನಗಲು ಕಲಿತರೆ ದೇವರ ಭಯವೇ ಅಳಿದೀತೆಂದು ನಂಬಿದ ಹೋರ್ಹೆ ಎಂಬ ಅಂಧ ವೃದ್ಧ ಸನ್ಯಾಸಿ ಅದರ ಹಾಳೆಗಳಿಗೆ ವಿಷ ಸವರಿದ್ದಾನೆ. ಕೊನೆಗೆ ಗ್ರಂಥಾಲಯವೂ ಮಠವೂ ಬೆಂಕಿಗೆ ಆಹುತಿಯಾಗುತ್ತವೆ.

ಇದನ್ನು ಧರ್ಮವಿರೋಧಿ ಕೃತಿಯೆಂದು ಪಕ್ಕಕ್ಕಿಡುವುದು ಸರಿಯಲ್ಲ. ಎಕೋ ತನ್ನ ಎಳವೆಯಲ್ಲಿ ಕಥೋಲಿಕ ಯುವಜನ ಸಂಘಟನೆಯಲ್ಲಿ ದುಡಿದವನು. ಸಂತ ತೋಮಸ್ ಅಕ್ವಿನಾಸರ ಸೌಂದರ್ಯ ಚಿಂತನೆಯನ್ನು ಕುರಿತು ಪ್ರೌಢಪ್ರಬಂಧ ಬರೆದವನು. ಬಳಿಕ ವಿಶ್ವಾಸದಿಂದ ದೂರ ಸರಿದವನು. ಮಧ್ಯಯುಗದ ಪಾಂಡಿತ್ಯದಲ್ಲಿ ಅವನಿಗೆ ಸರಿಸಾಟಿಯಾದ ಕಾದಂಬರಿಕಾರರು ಕಡಿಮೆ. ಮಠದ ಪ್ರಾರ್ಥನಾವೇಳೆಗಳ ಕ್ರಮ, ಹಸ್ತಪ್ರತಿಗಳನ್ನು ನಕಲು ಮಾಡುವವರ ಬೆರಳುಗಳ ಚಳಿ, ಕ್ರಿಸ್ತನೂ ಆತನ ಪ್ರೇಷಿತರೂ ಏನನ್ನಾದರೂ ಸ್ವಂತದ್ದೆಂದು ಹೊಂದಿದ್ದರೇ ಎಂಬ ಬಡತನದ ವಿವಾದ, ಇವೆಲ್ಲವನ್ನೂ ಅವನು ಜೀವಂತಗೊಳಿಸುತ್ತಾನೆ. ಆ ವಿವಾದ ಕಲ್ಪನೆಯದಲ್ಲ. 1323ರಲ್ಲಿ ಜಗದ್ಗುರು 22ನೇ ಜಾನರು ಫ್ರಾನ್ಸಿಸ್ಕನ್ನರ ವಾದವನ್ನು ಅಧಿಕೃತವಾಗಿ ತಿರಸ್ಕರಿಸಿದ್ದರು. ಆ ಸಭೆಯ ಮುಖ್ಯಸ್ಥರಾಗಿದ್ದ ಮೈಕೆಲ್ ಚೆಸೇನಾ 1328ರಲ್ಲಿ ಆವಿನ್ಯೋನ್ ನಗರದಿಂದ ರಾತ್ರೋರಾತ್ರಿ ಪಲಾಯನ ಮಾಡಬೇಕಾಯಿತು. ಬಡತನದ ಬಗ್ಗೆ ಇಷ್ಟೊಂದು ತೀವ್ರವಾಗಿ ಕಾದಾಡಿದ ಸಮಾಜ ಆಲೋಚನೆಯಿಲ್ಲದ ಸಮಾಜವಾಗಿರಲಾರದು. ಇದನ್ನು ನಮಗೆ ಕಾಣಿಸಿಕೊಟ್ಟದ್ದಕ್ಕೆ ಎಕೋವಿಗೆ ಕೃತಜ್ಞರಾಗಿರಬೇಕು.

ಆದರೆ ಕಾದಂಬರಿಯ ಕೇಂದ್ರದಲ್ಲಿರುವ ಪ್ರಮೇಯವನ್ನು, ಅಂದರೆ ಧರ್ಮವು ನಗೆಗೆ ಹೆದರಿತೆಂಬ ಮಾತನ್ನು, ಪರೀಕ್ಷಿಸಬೇಕಾಗುತ್ತದೆ. ಸಂತ ಬೆನೆಡಿಕ್ಟರ ನಿಯಮಾವಳಿ ಸನ್ಯಾಸಿಗಳಿಗೆ ಅತಿಯಾದ ನಗೆ ಸಲ್ಲದೆಂದು ಹೇಳುವುದು ನಿಜ. ಅದೇ ಪರಂಪರೆಯಲ್ಲಿ ಸಂತ ಫ್ರಾನ್ಸಿಸರು ತಮ್ಮ ಸೋದರರನ್ನು ದೇವರ ಹಾಡುಗಾರರೆಂದು, ಆತನ ವಿದೂಷಕರೆಂದು ಕರೆದು ಊರೂರಿಗೆ ಕಳುಹಿಸಿದ್ದೂ ನಿಜ. ಎಕೋ ಅಧ್ಯಯನ ಮಾಡಿದ್ದ ಅಕ್ವಿನಾಸರೇ ತಮ್ಮ ಮಹಾಗ್ರಂಥದಲ್ಲಿ ಆಟ ಮತ್ತು ಹಾಸ್ಯವನ್ನು ಕುರಿತು ಒಂದು ಪ್ರತ್ಯೇಕ ಪ್ರಶ್ನೆಯನ್ನೇ ಎತ್ತಿಕೊಂಡಿದ್ದಾರೆ. ದಣಿದ ದೇಹಕ್ಕೆ ವಿಶ್ರಾಂತಿ ಬೇಕಾದಂತೆ ದಣಿದ ಮನಸ್ಸಿಗೆ ವಿನೋದ ಬೇಕು. ಮಿತವಾದ ವಿನೋದ ಒಂದು ಸದ್ಗುಣ. ತಾನೂ ನಗದೆ ಇತರರ ನಗೆಯನ್ನೂ ಕೆಡಿಸುವ ಬಿಗುಮಾನ ಒಂದು ದೋಷ ಎಂಬುದು ಅವರ ನಿಲುವಿನ ಸಾರ. ಅಂದರೆ 1327ರ ಹೊತ್ತಿಗೆ ಹೋರ್ಹೆಯ ಪ್ರಶ್ನೆಗೆ ಧರ್ಮಸಭೆಯ ಮಹಾ ದೈವಶಾಸ್ತ್ರಜ್ಞರೊಬ್ಬರು ಉತ್ತರಿಸಿಯಾಗಿತ್ತು. ಅಷ್ಟೇ ಅಲ್ಲ, ಕಾವ್ಯವನ್ನು ಕುರಿತ ಅರಿಸ್ಟಾಟಲನ ಗ್ರಂಥದ ಉಳಿದಿರುವ ಭಾಗವನ್ನು 1278ರಲ್ಲಿ ಗ್ರೀಕ್ ಭಾಷೆಯಿಂದ ಲ್ಯಾಟಿನ್ನಿಗೆ ತಂದವರು ಮೋರ್ಬೆಕೆಯ ವಿಲಿಯಂ ಎಂಬ ಡೊಮಿನಿಕನ್ ಗುರುಗಳೇ. ಪುಸ್ತಕವನ್ನು ಬಚ್ಚಿಡುವ ಸನ್ಯಾಸಿ ಕಾದಂಬರಿಗೆ ಬೇಕು. ಪುಸ್ತಕವನ್ನು ನಕಲು ಮಾಡಿ ಉಳಿಸಿದ ಹೆಸರಿಲ್ಲದ ಸಾವಿರಾರು ಸನ್ಯಾಸಿಗಳಿಲ್ಲದಿದ್ದರೆ ಎಕೋವಿನಂತಹ ವಿದ್ವಾಂಸರಿಗೆ ಓದಲು ಹಸ್ತಪ್ರತಿಗಳೇ ಇರುತ್ತಿರಲಿಲ್ಲ.

ಧರ್ಮವಿಚಾರಣೆ ನಡೆಸುವ ಬರ್ನಾರ್ಡ್ ಗುಯಿ ಚರಿತ್ರೆಯಲ್ಲಿ ನಿಜವಾಗಿ ಇದ್ದ ವ್ಯಕ್ತಿ. ಕಾದಂಬರಿಯಲ್ಲಿ ಅವನು ತಣ್ಣನೆಯ ಕ್ರೂರಿ. 1986ರ ಚಲನಚಿತ್ರವಂತೂ ಅವನನ್ನು ಜನರ ಕೈಯಿಂದ ಕೊಲ್ಲಿಸಿ, ಅವನು ಸುಡಲು ಹೊರಟಿದ್ದ ಹಳ್ಳಿಯ ಹುಡುಗಿಯನ್ನು ಬದುಕಿಸಿಬಿಡುತ್ತದೆ. ಕಾದಂಬರಿಯಲ್ಲಿ ಹಾಗಾಗುವುದಿಲ್ಲ, ಹುಡುಗಿಗೆ ಬಿಡುಗಡೆಯಿಲ್ಲ, ಗುಯಿ ಸುರಕ್ಷಿತವಾಗಿ ಹೊರಟುಹೋಗುತ್ತಾನೆ. ಚರಿತ್ರೆಯ ಗುಯಿ ಫ್ರಾನ್ಸಿನಲ್ಲಿ ಧರ್ಮಾಧ್ಯಕ್ಷನಾಗಿ 1331ರಲ್ಲಿ ಸಹಜವಾಗಿ ಸತ್ತನು. ಅವನ ತೀರ್ಪುಗಳ ದಾಖಲೆ ಉಳಿದಿದೆ. ನೂರಾರು ಜನರಿಗೆ ವಿಧಿಸಿದ ಶಿಕ್ಷೆಗಳಲ್ಲಿ ಯಾತ್ರೆ, ಬಟ್ಟೆಯ ಮೇಲೆ ಶಿಲುಬೆಯ ಗುರುತು ಧರಿಸುವುದು ಮತ್ತು ಸೆರೆವಾಸಗಳೇ ಹೆಚ್ಚು. ಬೆಂಕಿಗೆ ಒಪ್ಪಿಸಲ್ಪಟ್ಟವರು ನಲವತ್ತಕ್ಕೂ ಹೆಚ್ಚು ಮಂದಿ. ಈ ಸಂಖ್ಯೆಯನ್ನು ಇಬ್ಬರು ಎರಡು ರೀತಿಯಲ್ಲಿ ಓದಬಹುದು. ಸಿನಿಮಾದವರು ತೋರಿಸುವಷ್ಟಿಲ್ಲವಲ್ಲ ಎಂದು ಒಬ್ಬರು ನಿಟ್ಟುಸಿರು ಬಿಡಬಹುದು. ಪ್ರಭು ಯೇಸುವಿನ ಹೆಸರಿನಲ್ಲಿ ಒಬ್ಬನನ್ನು ಸುಟ್ಟರೂ ಅದು ಯೇಸುವಿಗೆ ಬಗೆದ ದ್ರೋಹವಲ್ಲವೇ ಎಂದು ಇನ್ನೊಬ್ಬರು ಕೇಳಬಹುದು. ಎರಡನೆಯವರ ಪ್ರಶ್ನೆಯೇ ಸರಿ. 2000ದ ಜ್ಯೂಬಿಲಿ ವರ್ಷದ ಮಾರ್ಚ್ 12ರಂದು ಜಗದ್ಗುರು ದ್ವಿತೀಯ ಜಾನ್ ಪೌಲರು ಸಂತ ಪೇತ್ರರ ಮಹಾದೇವಾಲಯದಲ್ಲಿ, ಸತ್ಯದ ಸೇವೆಯ ಹೆಸರಿನಲ್ಲಿ ಧರ್ಮಸಭೆಯ ಮಕ್ಕಳು ಎಸಗಿದ ಹಿಂಸೆಗಾಗಿ ದೇವರ ಕ್ಷಮೆಯನ್ನು ಬಹಿರಂಗವಾಗಿ ಬೇಡಿದರು. ಕಾದಂಬರಿಕಾರನ ಆರೋಪಕ್ಕೆ ಹೆದರಿ ಬಾಗಿಲು ಹಾಕಿಕೊಳ್ಳುವವರಿಗೆ ಆ ಪ್ರಾರ್ಥನೆ ಒಂದು ಪಾಠ.

'ದಿ ನೇಮ್ ಆಫ್ ದಿ ರೋಸ್' ಕೃತಿಯ ನಿಜವಾದ ಕೊರತೆ ಬೇರೆಡೆ ಇದೆ. ಅದರಲ್ಲಿ ವಾದಿಸುವವರು ಅನೇಕರು, ಪ್ರಾರ್ಥಿಸುವವರು ಕಡಿಮೆ. ಏಳು ದಿನಗಳ ಪ್ರಾರ್ಥನಾವೇಳೆಗಳೇ ಅಧ್ಯಾಯಗಳ ಹೆಸರಾಗಿದ್ದರೂ ಆ ಪ್ರಾರ್ಥನೆಯು ಒಬ್ಬ ಸನ್ಯಾಸಿಯ ಬಾಳನ್ನು ಹೇಗೆ ತಿದ್ದಿತೆಂಬುದು ನಮಗೆ ಕಾಣುವುದಿಲ್ಲ. ಹಳ್ಳಿಯ ಬಡವರ ದನಿ ಕೇಳಿಬರುವುದಿಲ್ಲ. ಕಥೆಯಲ್ಲಿ ಬರುವ ಆ ಒಬ್ಬ ಹುಡುಗಿಗೆ ಹೆಸರೇ ಇಲ್ಲ. ಅವಳನ್ನು ಪ್ರೀತಿಸಿದ ಆಡ್ಸೋ ಮುದುಕನಾದ ಮೇಲೂ ಅವಳ ಹೆಸರು ತನಗೆ ತಿಳಿಯಲಿಲ್ಲವೆಂದು ಕೊರಗುತ್ತಾನೆ. ಲೇಖಕನಿಗೆ ಈ ಅಭಾವದ ಅರಿವಿದೆ, ಆದರೆ ಅದನ್ನು ತುಂಬುವ ಮನಸ್ಸಿಲ್ಲ. ಮಧ್ಯಯುಗದ ಮಿದುಳನ್ನು ಅವನು ಬಲ್ಲ. ಅದರ ಮೊಣಕಾಲುಗಳನ್ನು ಅಷ್ಟಾಗಿ ಬಲ್ಲವನಲ್ಲ.

ಲಾವ್ರನ್ಸನ ಮಗಳು

ಆ ಮೊಣಕಾಲುಗಳನ್ನು ಬಲ್ಲ ಲೇಖಕಿಯೊಬ್ಬಳು ಎಕೋವಿಗಿಂತ ಅರುವತ್ತು ವರ್ಷ ಮೊದಲು ನಾರ್ವೆಯಲ್ಲಿ ಬರೆದಳು. ಸಿಗ್ರಿಡ್ ಉಂಡ್ಸೆಟ್ 1882ರಲ್ಲಿ ಹುಟ್ಟಿದಳು. ತಂದೆ ಪುರಾತತ್ವ ಶಾಸ್ತ್ರಜ್ಞ. ಹಳೆಯ ಕಾಲದ ವಸ್ತುಗಳನ್ನು ಮುಟ್ಟಿ ನೋಡುತ್ತ ಬೆಳೆದ ಮಗು ಹನ್ನೊಂದನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡಿತು. ಬಡತನದ ಕಾರಣ ಹತ್ತು ವರ್ಷ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ದುಡಿದು, ರಾತ್ರಿಗಳಲ್ಲಿ ಓದಿ ಬರೆದು ಲೇಖಕಿಯಾದಳು. ಅವಳ 'ಕ್ರಿಸ್ಟಿನ್ ಲಾವ್ರನ್ಸ್‌ಡಾಟರ್', ಅಂದರೆ ಲಾವ್ರನ್ಸನ ಮಗಳು ಕ್ರಿಸ್ಟಿನ್, ಮೂರು ಸಂಪುಟಗಳಲ್ಲಿ 1920, 1921 ಮತ್ತು 1922ರಲ್ಲಿ ಹೊರಬಂದಿತು. 1928ರ ನೊಬೆಲ್ ಪ್ರಶಸ್ತಿ ಅವಳಿಗೆ ದೊರೆತದ್ದು ಮುಖ್ಯವಾಗಿ ಮಧ್ಯಯುಗದ ಉತ್ತರ ಯುರೋಪಿನ ಬಾಳನ್ನು ಚಿತ್ರಿಸಿದ್ದಕ್ಕಾಗಿ. ಕುತೂಹಲದ ಸಂಗತಿಯೆಂದರೆ ಈ ಕಾದಂಬರಿಯನ್ನು ಬರೆಯುವಾಗ ಅವಳು ಕಥೋಲಿಕಳಾಗಿರಲಿಲ್ಲ. ಮನೆಯವರಿಂದ ದೃಢವಾದ ವಿಶ್ವಾಸವನ್ನು ಪಡೆಯದೆ ಬೆಳೆದವಳು 1924ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಧರ್ಮಸಭೆಯನ್ನು ಸೇರಿದಳು. ಕಾದಂಬರಿಯ ಬರವಣಿಗೆಯೂ ಆ ದಾರಿಯ ಒಂದು ಘಟ್ಟವಾಗಿತ್ತೆಂದು ಭಾವಿಸಲು ಅಡ್ಡಿಯಿಲ್ಲ.

ಕಥೆ 14ನೇ ಶತಮಾನದ ಮೊದಲರ್ಧದಲ್ಲಿ ನಾರ್ವೆಯ ಒಂದು ಕಣಿವೆಯಲ್ಲಿ ನಡೆಯುತ್ತದೆ. ಲಾವ್ರನ್ಸ್ ದೈವಭಕ್ತನಾದ ಜಮೀನುದಾರ. ಕ್ರಿಸ್ಟಿನ್ ಅವನ ಪ್ರೀತಿಯ ಮಗಳು. ಸಿಮೋನ್ ಎಂಬ ಒಳ್ಳೆಯ ಯುವಕನೊಂದಿಗೆ ಅವಳ ಮದುವೆಯನ್ನು ತಂದೆ ನಿಶ್ಚಯಿಸಿದ್ದಾನೆ. ಓಸ್ಲೋ ನಗರದ ಕನ್ಯಾಮಠದಲ್ಲಿ ಒಂದು ವರ್ಷ ಕಳೆಯಲು ಹೋದ ಅವಳು ಎರ್ಲೆಂಡ್ ಎಂಬ ಸುಂದರ, ಆದರೆ ಬೇಜವಾಬ್ದಾರಿಯ ಯೋಧನಿಗೆ ಮನಸೋಲುತ್ತಾಳೆ. ಗುಟ್ಟಾಗಿ ವಚನ ಕೊಡುತ್ತಾಳೆ, ತನ್ನನ್ನೇ ಒಪ್ಪಿಸಿಕೊಳ್ಳುತ್ತಾಳೆ. ಎರ್ಲೆಂಡನ ಹಿಂದಿನ ಸಂಗಾತಿ ಇವರಿಬ್ಬರ ಕಣ್ಣೆದುರಿನಲ್ಲೇ ದಾರುಣವಾಗಿ ಸಾಯುತ್ತಾಳೆ. ಆ ಸಾವಿನ ನಿಜವನ್ನು ಮುಚ್ಚಿಡಲಾಗುತ್ತದೆ. ಕೊನೆಗೆ ತಂದೆ ಸೋತು ಮದುವೆಗೆ ಒಪ್ಪುತ್ತಾನೆ. ಕನ್ಯೆಯರು ಮಾತ್ರ ಧರಿಸಬೇಕಾದ ಚಿನ್ನದ ಕಿರೀಟವನ್ನು ಧರಿಸಿ, ಯಾರಿಗೂ ತಿಳಿಯದ ಗರ್ಭವನ್ನು ಹೊತ್ತು ಕ್ರಿಸ್ಟಿನ್ ಮದುವೆಯ ಪೀಠಕ್ಕೆ ನಡೆಯುತ್ತಾಳೆ.

ಇಲ್ಲಿಂದ ಮುಂದೆ ಉಂಡ್ಸೆಟ್ ಮಾಡುವ ಕೆಲಸ ಅಪೂರ್ವವಾದುದು. ಆಧುನಿಕ ಲೇಖಕರಾಗಿದ್ದರೆ ಕ್ರಿಸ್ಟಿನ್‌ಳನ್ನು ಪುರುಷಾಧಿಕಾರದ ವಿರುದ್ಧ ಬಂಡೆದ್ದ ನಾಯಕಿಯಾಗಿ ಮಾಡುತ್ತಿದ್ದರು. ಭಕ್ತಿಪುಸ್ತಕದ ಲೇಖಕರಾಗಿದ್ದರೆ ಹೆತ್ತವರ ಮಾತು ಮೀರಿದವಳಿಗೆ ತಕ್ಕ ಶಾಸ್ತಿಯಾಯಿತೆಂದು ಮುಗಿಸುತ್ತಿದ್ದರು. ಉಂಡ್ಸೆಟ್ ಎರಡನ್ನೂ ಮಾಡುವುದಿಲ್ಲ. ಕ್ರಿಸ್ಟಿನ್ ನಂಬಿದ್ದನ್ನು ಕ್ರಿಸ್ಟಿನ್ ನಂಬಿದಂತೆಯೇ ಕಾಣಿಸುತ್ತಾಳೆ. ಪಾಪ ಎಂದರೆ ಆ ಹೆಣ್ಣಿಗೆ ಸಮಾಜ ಹೇರಿದ ಹೆದರಿಕೆಯಲ್ಲ; ತಾನು ಪ್ರೀತಿಸುವ ತಂದೆಯ ಮುಖವನ್ನು ನೇರವಾಗಿ ನೋಡಲಾಗದ ಸಂಕಟ. ಮದುವೆಯ ರಾತ್ರಿ ಲಾವ್ರನ್ಸನಿಗೆ ಮಗಳ ಗುಟ್ಟು ಅರಿವಾಗುತ್ತದೆ. ಅದೇ ಹೊತ್ತಿನಲ್ಲಿ ಅವನ ಹೆಂಡತಿ ರಾಗ್ನ್‌ಫ್ರಿಡ್ ತಾನೂ ಮದುವೆಗೆ ಮುನ್ನ ಹಾಗೆಯೇ ತಪ್ಪಿದ್ದೆನೆಂದು, ಇಷ್ಟು ವರ್ಷ ಒಳಗೊಳಗೇ ಬೆಂದ ರಹಸ್ಯವನ್ನು, ಗಂಡನ ಮುಂದೆ ತೋಡಿಕೊಳ್ಳುತ್ತಾಳೆ. ಸಜ್ಜನನೆಂದು ಊರೇ ಹೊಗಳುವ ಆ ಮನುಷ್ಯ ಒಂದೇ ರಾತ್ರಿಯಲ್ಲಿ ಮಗಳನ್ನೂ ಹೆಂಡತಿಯನ್ನೂ ಹೊಸದಾಗಿ ಅರಿಯಬೇಕಾಗುತ್ತದೆ. ಮೊದಲ ಸಂಪುಟದ ಈ ಕೊನೆಯ ಪುಟಗಳನ್ನು ಓದಿದವರು ಸಂಸಾರವೆಂಬ ಸಂಸ್ಕಾರದ ಬಗ್ಗೆ ಹಗುರವಾಗಿ ಮಾತನಾಡಲಾರರು.

ವಚನ ಎಂಬ ಮೌಲ್ಯವನ್ನು ಆ ಸಮಾಜ ಎಷ್ಟು ಗಂಭೀರವಾಗಿ ಕಂಡಿತ್ತೆಂಬುದೂ ಇಲ್ಲಿ ತಿಳಿಯುತ್ತದೆ. 12ನೇ ಶತಮಾನದಲ್ಲಿ ಧರ್ಮಸಭೆ ಮದುವೆಯನ್ನು ಆಗಿಸುವುದು ವಧೂವರರ ಸ್ವತಂತ್ರ ಸಮ್ಮತಿಯೇ ಹೊರತು ತಂದೆಯ ಅಪ್ಪಣೆಯಲ್ಲ ಎಂಬ ನಿಲುವನ್ನು ದೃಢಪಡಿಸಿತು. ಜಮೀನು ಮತ್ತು ಮನೆತನಗಳ ಲೆಕ್ಕಾಚಾರವೇ ಮದುವೆಯಾಗಿದ್ದ ಕಾಲದಲ್ಲಿ ಅದು ಕ್ರಾಂತಿಕಾರಿ ಮಾತು. ಅದೇ ನಿಲುವು ಗುಟ್ಟಿನ ವಚನಗಳ ತೊಡಕಿಗೂ ಎಡೆಮಾಡಿತು, ಹೆಣ್ಣುಗಳು ಮೋಸಹೋದರು. ಆದ್ದರಿಂದಲೇ 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ಮದುವೆಗಳನ್ನು ಮುಂಚಿತವಾಗಿ ದೇವಾಲಯದಲ್ಲಿ ಪ್ರಕಟಿಸಬೇಕೆಂದು ವಿಧಿಸಿತು. 1563ರಲ್ಲಿ ತ್ರೆಂತ್ ಮಹಾಸಭೆ ಗುರು ಮತ್ತು ಸಾಕ್ಷಿಗಳ ಸನ್ನಿಧಿಯನ್ನು ಕಡ್ಡಾಯಗೊಳಿಸಿತು. ಬಲಿಪೂಜೆಯ ಕೊನೆಯಲ್ಲಿ ನಮ್ಮ ಧರ್ಮಕೇಂದ್ರಗಳಲ್ಲಿ ಓದುವ ಮದುವೆಯ ಪ್ರಕಟಣೆ ಮಧ್ಯಯುಗದ್ದು ಎಂಬುದು ಎಷ್ಟು ಮಂದಿಗೆ ಗೊತ್ತು? ಹೆಣ್ಣಿನ ಸಮ್ಮತಿಗೆ ಬೆಲೆ ಕೊಟ್ಟದ್ದೂ, ಅವಳು ಮೋಸಹೋಗದಂತೆ ಕಾಯಹೊರಟದ್ದೂ ಅದೇ 'ಕತ್ತಲೆಯ' ಕಾಲ.

ಎರಡನೆಯ ಸಂಪುಟದಲ್ಲಿ ಕ್ರಿಸ್ಟಿನ್ ತನ್ನ ಚೊಚ್ಚಲ ಮಗುವನ್ನು ಹೊತ್ತು ಬರಿಗಾಲಿನಲ್ಲಿ ನಿದರೋಸ್ ನಗರದ ಸಂತ ಓಲಾಫರ ಸಮಾಧಿಗೆ ಯಾತ್ರೆ ಹೋಗುತ್ತಾಳೆ. ಮಹಾಧರ್ಮಾಧ್ಯಕ್ಷರಿಂದ ಪಾಪಕ್ಷಮೆಯನ್ನು ಪಡೆದು, ಧರಿಸಲು ಅರ್ಹಳಲ್ಲದೆ ಧರಿಸಿದ್ದ ಆ ಚಿನ್ನದ ಕಿರೀಟವನ್ನು ಸಂತರ ಪೀಠಕ್ಕೆ ಅರ್ಪಿಸುತ್ತಾಳೆ. ಪ್ರಾಯಶ್ಚಿತ್ತವೆಂದರೆ ಮಧ್ಯಯುಗದಲ್ಲಿ ಮನುಷ್ಯನನ್ನು ಹಿಂಡುವ ಯಂತ್ರವಾಗಿತ್ತೆಂದು ತಿಳಿದವರು ಈ ಭಾಗವನ್ನು ಓದಬೇಕು. ಪಾಪನಿವೇದನೆಯ ಪೀಠದಲ್ಲಿ ಕುಳಿತ ಯಾವ ಗುರುವೂ ಬಲ್ಲ ಸಂಗತಿ ಅಲ್ಲಿದೆ: ಮುಚ್ಚಿಟ್ಟ ಭಾರವನ್ನು ಇಳಿಸಲು ಒಂದು ಸ್ಥಳ, ನಡೆಯಲು ಒಂದು ದಾರಿ, ಕೊಡಲು ಒಂದು ಕಾಣಿಕೆ ಇದ್ದರೆ ಮನುಷ್ಯ ಬದುಕಿಕೊಳ್ಳುತ್ತಾನೆ.

ಆದರೆ ಉಂಡ್ಸೆಟ್ ಅಲ್ಲಿಗೆ ಮಂಗಳ ಹಾಡುವುದಿಲ್ಲ. ಕ್ಷಮೆ ಪಡೆದ ಕ್ರಿಸ್ಟಿನ್ ಗಂಡನನ್ನು ಕ್ಷಮಿಸಲಾರಳು. ಎರ್ಲೆಂಡನ ಅವಿವೇಕದಿಂದ ಆಸ್ತಿ ಹೋಗುತ್ತದೆ, ಏಳು ಗಂಡುಮಕ್ಕಳ ಭವಿಷ್ಯ ಕುಸಿಯುತ್ತದೆ. ಹಳೆಯ ತಪ್ಪುಗಳನ್ನು ಅವಳು ಒಂದೊಂದಾಗಿ ಎಣಿಸಿ ಆಡುತ್ತಾಳೆ. ಅವನು ಮನೆ ಬಿಟ್ಟು ಹೋಗುತ್ತಾನೆ. ಕೊನೆಗೆ ಅವಳ ಮಾನವನ್ನು ಉಳಿಸಲು ಬಂದು ಕಾದಾಟದಲ್ಲಿ ಸಾಯುತ್ತಾನೆ. ದಿನವೂ ಪ್ರಾರ್ಥಿಸುವ, ಬಡವರಿಗೆ ಕೈಯೆತ್ತಿ ಕೊಡುವ, ಮನೆಯನ್ನು ಅಚ್ಚುಕಟ್ಟಾಗಿ ನಡೆಸುವ ಹೆಣ್ಣು ತನ್ನ ಮನೆಯೊಳಗಿನ ಒಬ್ಬ ಮನುಷ್ಯನನ್ನು ಕ್ಷಮಿಸಲಾರದೆ ಹೋದದ್ದು ಎಷ್ಟು ಕುಟುಂಬಗಳ ಕಥೆಯಲ್ಲ!

ಮೂರನೆಯ ಸಂಪುಟದ ಅಂತ್ಯದಲ್ಲಿ, 1349ರ ಮಹಾಮಾರಿಯ ಕಾಲದಲ್ಲಿ, ವಿಧವೆ ಕ್ರಿಸ್ಟಿನ್ ಕನ್ಯಾಮಠವೊಂದರಲ್ಲಿ ಆಶ್ರಯ ಪಡೆದಿದ್ದಾಳೆ. ಭಯದಿಂದ ಬುದ್ಧಿಗೆಟ್ಟ ಕೆಲವರು ಮಾರಿಯನ್ನು ತಣಿಸಲು ಭಿಕ್ಷುಕಿಯೊಬ್ಬಳ ಎಳೆಯ ಮಗನನ್ನು ಜೀವಂತ ಹೂಳಲು ಹೊರಟಾಗ ಅವಳು ಅಡ್ಡ ನಿಂತು ಮಗುವನ್ನು ಉಳಿಸುತ್ತಾಳೆ. "ಅಷ್ಟು ಕರುಣೆಯಿದ್ದರೆ ಅದರ ತಾಯಿಯ ಹೆಣವನ್ನು ತಂದು ಮಣ್ಣು ಮಾಡು" ಎಂಬ ಅರ್ಥದ ಸವಾಲು ಎದುರಾದಾಗ ಆ ರಾತ್ರಿಯೇ ಹೋಗಿ ಹೆಣಕ್ಕೆ ಹೆಗಲು ಕೊಡುತ್ತಾಳೆ. ಅದರಿಂದ ತಗುಲಿದ ರೋಗದಿಂದಲೇ ಸಾಯುತ್ತಾಳೆ. ಸಾಯುವ ಮುನ್ನ ತನ್ನ ಮದುವೆಯುಂಗುರವನ್ನು ಬಿಚ್ಚಿ, ಆ ಭಿಕ್ಷುಕಿಯ ಆತ್ಮಕ್ಕಾಗಿ ಬಲಿಪೂಜೆ ಮಾಡಿಸಲು ಕೊಡುತ್ತಾಳೆ. ಮೂಢನಂಬಿಕೆಯೂ ಮಧ್ಯಯುಗದ್ದೇ, ಅದನ್ನು ಎದುರಿಸಿ ನಿಂತ ಕರುಣೆಯೂ ಮಧ್ಯಯುಗದ್ದೇ ಎಂದು ಒಂದೇ ದೃಶ್ಯದಲ್ಲಿ ತೋರಿಸಿದ ಉಂಡ್ಸೆಟ್, ಕಪ್ಪು ಮತ್ತು ಚಿನ್ನದ ಎರಡು ಸುಲಭದ ದಾರಿಗಳನ್ನೂ ಬಿಟ್ಟು ಮೂರನೆಯದನ್ನು ಹಿಡಿದಿದ್ದಾಳೆ.

ದೋಷಗಳೇ ಇಲ್ಲವೆಂದಲ್ಲ. ಕ್ರಿಸ್ಟಿನ್‌ಳ ಪಾಪಪ್ರಜ್ಞೆ ಕೆಲವೆಡೆ ಉಸಿರುಕಟ್ಟಿಸುವಷ್ಟು ಭಾರವಾಗುತ್ತದೆ; ಸುಖದ ಪುಟಗಳು ವಿರಳ. ಕಥೆಯೆಲ್ಲ ಉಳ್ಳವರ ಮನೆಗಳ ಸುತ್ತ ತಿರುಗುತ್ತದೆ. ಆಳುಗಳು, ಗೇಣಿದಾರರು ಬಾಗಿಲ ಬಳಿಯೇ ಉಳಿಯುತ್ತಾರೆ. 1920ರ ದಶಕದ ಇಂಗ್ಲಿಷ್ ಅನುವಾದದ ಕೃತಕ ಹಳೆಗಾಲದ ಭಾಷೆ ಅನೇಕ ಓದುಗರನ್ನು ದೂರ ಮಾಡಿತು. 1997ರಿಂದ 2000ದ ನಡುವೆ ಬಂದ ಟೀನಾ ನನಲಿಯವರ ಹೊಸ ಅನುವಾದ ನೇರವಾಗಿದೆ, ಓದಲು ಸುಲಭವಾಗಿದೆ.

ಓದುವ ಬಗೆ

ಈ ಮೂರು ಕೃತಿಗಳನ್ನು ಒಟ್ಟಿಗೆ ಇರಿಸಿದಾಗ ಒಂದು ಅಳತೆಗೋಲು ದೊರೆಯುತ್ತದೆ. ಹಿಂದಿನ ಕಾಲದ ಕಾದಂಬರಿಯನ್ನು ಓದುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಇದು ಧರ್ಮಸಭೆಯನ್ನು ಹೊಗಳುತ್ತದೆಯೇ ತೆಗಳುತ್ತದೆಯೇ ಎಂಬುದಲ್ಲ. ಅಂದಿನ ಮನುಷ್ಯನಿಗೆ ಅವನದೇ ಆದ ಮನಸ್ಸನ್ನು ಲೇಖಕ ಕೊಟ್ಟಿದ್ದಾನೆಯೇ, ಅಥವಾ ನಮ್ಮ ಕಾಲದ ಮನುಷ್ಯನಿಗೆ ಹಳೆಯ ಬಟ್ಟೆ ತೊಡಿಸಿದ್ದಾನೆಯೇ ಎಂಬುದು. ಸ್ಕಾಟ್ ರೆಬೆಕಾಳಿಗೆ ಆ ಗೌರವವನ್ನು ಕೊಟ್ಟನು. ಎಕೋ ಪಂಡಿತರಿಗೆ ಕೊಟ್ಟನು. ಉಂಡ್ಸೆಟ್ ತನ್ನ ಕಥೆಯ ತಂದೆ, ತಾಯಿ, ಮಗಳು, ಗಂಡ ಎಲ್ಲರಿಗೂ ಕೊಟ್ಟಳು.

ಈ ಪ್ರಶ್ನೆಗೆ ನಮ್ಮ ಮನೆಗಳಲ್ಲಿಯೂ ಕೆಲಸವಿದೆ. ಕಾದಂಬರಿಯ ಕ್ರಿಸ್ಟಿನ್‌ಗಾಗಿ ಮರುಗುವ ನಾವು ನಮ್ಮದೇ ಧರ್ಮಕೇಂದ್ರದಲ್ಲಿ ಅವಸರದಲ್ಲಿ ಮದುವೆಯಾದ ಹುಡುಗಿಯ ಬಗ್ಗೆ ದೇವಾಲಯದ ಮೆಟ್ಟಿಲ ಮೇಲೆ ಏನು ಮಾತನಾಡುತ್ತೇವೆ? ಮನೆತನದ ಮರ್ಯಾದೆಯ ಹೆಸರಿನಲ್ಲಿ ಮಗಳ ಸಮ್ಮತಿಯನ್ನು ಕೇಳದೆ ಮದುವೆ ಗೊತ್ತುಮಾಡುವ ತಂದೆ, 800 ವರ್ಷಗಳ ಹಿಂದೆಯೇ ಧರ್ಮಸಭೆ ಬೋಧಿಸಿದ್ದನ್ನು ಇನ್ನೂ ಕಲಿಯಬೇಕಾಗಿದೆಯಲ್ಲವೇ? ಹೋರ್ಹೆಯನ್ನು ಕಂಡು ಹೇಸುವ ನಾವು, ಮಕ್ಕಳ ಕೈಯಿಂದ ಪುಸ್ತಕ ಕಿತ್ತುಕೊಳ್ಳುವಾಗ ಯಾರಂತೆ ನಡೆದುಕೊಳ್ಳುತ್ತೇವೆ?

ಪ್ರಭು ಯೇಸು ಹೇಳಿದ ಗೋಧಿ ಮತ್ತು ಕಳೆಯ ಸಾಮತಿ ನಮಗೆಲ್ಲ ಗೊತ್ತು. ಒಂದೇ ಹೊಲದಲ್ಲಿ ಎರಡೂ ಬೆಳೆಯುತ್ತವೆ. ಸುಗ್ಗಿಯವರೆಗೆ ಬೇರ್ಪಡಿಸುವ ಆತುರ ಬೇಡವೆಂದು ಹೊಲದ ಒಡೆಯ ಹೇಳುತ್ತಾನೆ. ಮಧ್ಯಯುಗವೂ ಅಂತಹ ಒಂದು ಹೊಲ, ನಮ್ಮ ಕಾಲವೂ ಅಂತಹುದೇ. ಒಳ್ಳೆಯ ಕಾದಂಬರಿ ಆ ಹೊಲವನ್ನು ಇದ್ದಂತೆ ತೋರಿಸುತ್ತದೆ. ಮನೆಯಲ್ಲಿ ಹರೆಯದ ಮಕ್ಕಳಿದ್ದರೆ ಇಂತಹ ಒಂದು ಪುಸ್ತಕವನ್ನು ತಂದು, ಅವರೊಂದಿಗೆ ತಾವೂ ಓದಿ, ರಾತ್ರಿಯ ಜಪಸರ ಮುಗಿದ ಮೇಲೆ ಅರ್ಧ ಗಂಟೆ ಅದರ ಬಗ್ಗೆ ಮಾತನಾಡಿ ನೋಡಲಿ. ಮಕ್ಕಳು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಹೊಳೆಯದಿದ್ದರೆ ಚಿಂತೆಯಿಲ್ಲ. ಆ ಪ್ರಶ್ನೆಗಳನ್ನು ಮುಂದಿನ ಭಾನುವಾರ ತಮ್ಮ ಗುರುಗಳ ಬಳಿಗೆ ತರಲಿ.